ಲೀರಾದಲ್ಲಿ ಕಲ್ಲು ಬಿದ್ದ ಸಂಜೆ: ‘ಕೋನಿ 2012’ ಅಭಿಯಾನದ ಪ್ರಕರಣ ಅಧ್ಯಯನ

2012ರ ಮಾರ್ಚ್ 13ರಂದು ಉತ್ತರ ಉಗಾಂಡಾದ ಲೀರಾ ಪಟ್ಟಣದ ಉದ್ಯಾನದಲ್ಲಿ ಬಿಳಿ ಬಟ್ಟೆ ಬಿಗಿದು ಪರದೆ ಕಟ್ಟಿದ್ದರು. ಕತ್ತಲಾಗುವ ಹೊತ್ತಿಗೆ ಸಾವಿರಾರು ಜನ ಸೇರಿದರು. ಬಂಡುಕೋರರ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರು, ಮೈಮೇಲೆ ಗಾಯದ ಗುರುತು ಹೊತ್ತವರು ಅವರಲ್ಲಿದ್ದರು. ತಮ್ಮ ಕಥೆಯನ್ನು ಇಡೀ ಜಗತ್ತು ನೋಡುತ್ತಿದೆಯಂತೆ, ನಾವೂ ನೋಡೋಣ ಎಂದು ಬಂದವರು. ಪರದೆಯ ಮೇಲೆ ಕಂಡದ್ದು ಅಮೆರಿಕದ ಚಿತ್ರ ನಿರ್ದೇಶಕ ಮತ್ತು ಅವರ ಐದು ವರ್ಷದ ಮಗ. ಆಮೇಲೆ, ತಮ್ಮ ಮಕ್ಕಳನ್ನು ಹೊತ್ತೊಯ್ದವನ ಹೆಸರನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಕೈಯೆತ್ತಿ ಕೂಗುವ ವಿದ್ಯಾರ್ಥಿಗಳ ಸಾಲುಸಾಲು. ಜನರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. ಪ್ರದರ್ಶನ ಮುಗಿಯುವ ಹೊತ್ತಿಗೆ ಕೆಲವರು ಕಲ್ಲು ತೂರಿದರು. ಪ್ರದರ್ಶನ ಏರ್ಪಡಿಸಿದ್ದ ಸ್ಥಳೀಯ ಸಂಸ್ಥೆ ‘ಆಫ್ರಿಕನ್ ಯೂತ್ ಇನಿಷಿಯೇಟಿವ್ ನೆಟ್‌ವರ್ಕ್’ ಬೇರೆ ಊರುಗಳಲ್ಲಿ ನಡೆಸಬೇಕೆಂದಿದ್ದ ಪ್ರದರ್ಶನಗಳನ್ನು ಕೈಬಿಟ್ಟಿತು. ಅದರ ಮುಖ್ಯಸ್ಥ ವಿಕ್ಟರ್ ಓಚೆನ್ ಸ್ವತಃ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು.

ಆ ಚಿತ್ರ ‘ಕೋನಿ 2012’. ಬಂಡುಕೋರರ ನಾಯಕ ಜೋಸೆಫ್ ಕೋನಿಯನ್ನು ಸೆರೆಹಿಡಿಯಬೇಕೆಂದು ಅಮೆರಿಕದ ‘ಇನ್ವಿಸಿಬಲ್ ಚಿಲ್ಡ್ರನ್’ (ಕಾಣದ ಮಕ್ಕಳು) ಸಂಸ್ಥೆ ಮಾಡಿದ್ದು. ಅದು ಅಂತರ್ಜಾಲಕ್ಕೆ ಬಂದದ್ದು ಎಂಟು ದಿನ ಮುಂಚೆ, ಮಾರ್ಚ್ 5ರಂದು. ಆರು ದಿನಗಳಲ್ಲಿ ಅದನ್ನು 10 ಕೋಟಿ ಬಾರಿ ನೋಡಲಾಗಿತ್ತು. ಅಷ್ಟು ವೇಗವಾಗಿ ಹರಡಿದ ವಿಡಿಯೊ ಅಲ್ಲಿಯವರೆಗೆ ಇರಲಿಲ್ಲ. ಅದೇ ತಿಂಗಳು ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 29 ವರ್ಷದೊಳಗಿನ ಅಮೆರಿಕನ್ನರಲ್ಲಿ ಶೇಕಡಾ 58ರಷ್ಟು ಮಂದಿ ಅದರ ಬಗ್ಗೆ ಕೇಳಿದ್ದೇವೆ ಎಂದರು. ಹೊರದೇಶದ ಸಂಕಟವೊಂದು ಯುವಜನರನ್ನು ಈ ಪ್ರಮಾಣದಲ್ಲಿ ತಟ್ಟಿದ ಉದಾಹರಣೆಗಳು ಕಡಿಮೆ. ಹಾಗೆ ತಟ್ಟಿದ ಸಂಕಟ ಯಾರದೋ ಅವರೇ ಕಲ್ಲೆತ್ತಿಕೊಂಡ ಉದಾಹರಣೆಯಂತೂ ನನಗೆ ಬೇರೆ ತಿಳಿದಿಲ್ಲ.

ಈ ಪ್ರಕರಣವನ್ನು ‘ಕುಳಿತಲ್ಲೇ ಗುಂಡಿ ಒತ್ತಿ ಜಗತ್ತು ಉದ್ಧಾರ ಮಾಡಲು ಹೊರಟ ಹುಡುಗರು’ ಎಂದು ನಕ್ಕು ಮುಗಿಸುವವರೇ ಹೆಚ್ಚು. ಆ ನಗೆ ನನಗೆ ಒಪ್ಪಿಗೆಯಿಲ್ಲ. ಹುಡುಗರು ಕುಳಿತಲ್ಲೇ ಇರಲಿಲ್ಲ. ಒಂಬತ್ತು ವರ್ಷ ಬೆವರು ಸುರಿಸಿದ್ದರು. ಅಷ್ಟು ದುಡಿದವರಿಗೆ, ಆ ನಾಡಿನ ಜನ ತಮ್ಮತಮ್ಮಲ್ಲೇ ಯಾವ ಪ್ರಶ್ನೆಯನ್ನಿಟ್ಟುಕೊಂಡು ವರ್ಷಗಟ್ಟಲೆ ಜಗಳವಾಡುತ್ತಿದ್ದಾರೆ ಎಂಬುದನ್ನು ಯಾರೂ ಸರಿಯಾಗಿ ಹೇಳಲೇ ಇಲ್ಲ. ಲೀರಾದಲ್ಲಿ ಬಿದ್ದ ಕಲ್ಲಿನ ಬೇರು ಅಲ್ಲಿದೆ.

ಗುಲುವಿನ ಬೀದಿಗಳು

2003ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಮೂವರು ಯುವಕರು, ಜೇಸನ್ ರಸೆಲ್, ಬಾಬಿ ಬೈಲಿ ಮತ್ತು ಲಾರೆನ್ ಪೂಲ್, ಕ್ಯಾಮೆರಾ ಹಿಡಿದು ಆಫ್ರಿಕಾಕ್ಕೆ ಹೊರಟರು. ಅವರು ಹುಡುಕಿಕೊಂಡು ಹೋದದ್ದು ಸುಡಾನಿನ ಯುದ್ಧದ ಕಥೆ. ಸಿಕ್ಕಿದ್ದು ಉತ್ತರ ಉಗಾಂಡಾದ ಗುಲು ಪಟ್ಟಣದ ಬೀದಿಗಳಲ್ಲಿ ಮಲಗಿದ್ದ ಮಕ್ಕಳು. ಸಂಜೆಯಾದೊಡನೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಕಂಬಳಿ, ಚಾಪೆ ಸುತ್ತಿಕೊಂಡು ಮೈಲಿಗಟ್ಟಲೆ ನಡೆದು ಪಟ್ಟಣಕ್ಕೆ ಬರುತ್ತಿದ್ದರು. ಅಂಗಡಿಗಳ ಮುಂಗಟ್ಟಿನಲ್ಲಿ, ಆಸ್ಪತ್ರೆಯ ಆವರಣದಲ್ಲಿ, ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದು ಬೆಳಗಾಗುತ್ತಲೇ ಹಿಂದಿರುಗುತ್ತಿದ್ದರು. ಹಳ್ಳಿಯಲ್ಲಿ ಮಲಗಿದರೆ ಕೋನಿಯ ಪಡೆಯಾದ ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ಯ (ಎಲ್‌ಆರ್‌ಎ) ಬಂಡುಕೋರರು ರಾತ್ರಿ ಬಂದು ಹೊತ್ತೊಯ್ಯುತ್ತಾರೆಂಬ ಭಯ. ಈ ರಾತ್ರಿ ಪಯಣಿಗರ ಸಂಖ್ಯೆ ಪರಿಸ್ಥಿತಿ ತೀರಾ ಬಿಗಡಾಯಿಸಿದಾಗ ಸುಮಾರು 40,000 ಮುಟ್ಟಿತ್ತು.

ಅದೇ ವರ್ಷದ ಜೂನ್ ತಿಂಗಳಲ್ಲಿ ಗುಲುವಿನ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಓಡಾಮಾ ಮತ್ತು ಇತರ ಧಾರ್ಮಿಕ ಮುಖಂಡರು ಮಕ್ಕಳ ಜೊತೆ ಬೀದಿಯಲ್ಲೇ ಮಲಗಿ ರಾತ್ರಿಗಳನ್ನು ಕಳೆದರು. ಸರ್ಕಾರ ಮತ್ತು ಬಂಡುಕೋರರು ಮಾತುಕತೆಗೆ ಕೂರಬೇಕೆಂಬುದು ಅವರ ಬೇಡಿಕೆ. ಆ ಭಾಗದ ಅಚೋಲಿ ಜನಾಂಗದ ಧಾರ್ಮಿಕ ಮುಖಂಡರ ಶಾಂತಿ ಕೂಟದಲ್ಲಿ ಕ್ಯಾಥೊಲಿಕರು, ಆಂಗ್ಲಿಕನ್ನರು, ಮುಸ್ಲಿಮರು ಒಟ್ಟಾಗಿದ್ದರು. ಕೂಟ 1990ರ ದಶಕದ ಕೊನೆಯಿಂದಲೇ ಇದನ್ನು ಕೇಳುತ್ತಿತ್ತು. ಸಂಸತ್ತು 2000ನೆಯ ಇಸವಿಯಲ್ಲಿ ಕ್ಷಮಾದಾನ ಕಾಯ್ದೆ ಮಾಡಿದ್ದರ ಹಿಂದೆ ಅವರ ಒತ್ತಾಯವೂ ಇತ್ತು. ಕಾಡಿನಿಂದ ಹೊರಬಂದು ಬಂಡಾಯ ಬಿಡುತ್ತೇನೆ ಎಂದವರಿಗೆ ಶಿಕ್ಷೆಯಿಲ್ಲ ಎಂಬುದು ಆ ಕಾಯ್ದೆಯ ಸಾರ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಇಷ್ಟು ಕ್ರೌರ್ಯ ಮೆರೆದವರನ್ನು ಕ್ಷಮಿಸುವುದೇ? ಆದರೆ ಕಾಡಿನಲ್ಲಿ ಬಂದೂಕು ಹಿಡಿದಿದ್ದವರು ಯಾರು? ಬಹುಪಾಲು ಅವರದೇ ಮಕ್ಕಳು. ಹತ್ತನೆಯ ವಯಸ್ಸಿಗೆ ಅಪಹರಣಕ್ಕೊಳಗಾಗಿ, ಹೊಡೆತ ತಿಂದು, ಕೊಲ್ಲುವುದನ್ನು ಕಲಿತು, ಇಪ್ಪತ್ತಕ್ಕೆ ‘ಶತ್ರು’ ಎನಿಸಿಕೊಂಡವರು. ಸೇನೆ ಬಂಡುಕೋರರ ಮೇಲೆ ಹೆಲಿಕಾಪ್ಟರಿನಿಂದ ಗುಂಡು ಹಾರಿಸಿತೆಂಬ ಸುದ್ದಿ ಬಂದಾಗ ಗುಲುವಿನ ತಾಯಿಗೆ ಸಂತೋಷಪಡಲು ಆಗುತ್ತಿರಲಿಲ್ಲ. ಆ ಗುಂಡು ಯಾರ ಎದೆಗೆ ತಗುಲಿತೋ.

ಚಿತ್ರದಲ್ಲಿ ಹಿಡಿಸದ ಯುದ್ಧ

ಈ ಯುದ್ಧದ ಕಥೆಯನ್ನು ‘ಒಬ್ಬ ದುಷ್ಟನಿದ್ದ’ ಎಂದು ಆರಂಭಿಸಿದರೆ ಮೊದಲ ವಾಕ್ಯದಲ್ಲೇ ಎಡವುತ್ತೇವೆ. 1986ರ ಜನವರಿಯಲ್ಲಿ ಯೊವೆರಿ ಮುಸೆವೆನಿ ಬಂದೂಕಿನ ಬಲದಿಂದ ಅಧಿಕಾರ ಹಿಡಿದರು. ಸೋತ ಸೇನೆಯಲ್ಲಿ ಉತ್ತರದ ಅಚೋಲಿ ಜನ ಹೆಚ್ಚಾಗಿದ್ದರು. ಹೊಸ ಸೇನೆ ಉತ್ತರಕ್ಕೆ ಬಂದಾಗ ಅಲ್ಲಿ ಸೇಡಿನ ಭಯ ಹಬ್ಬಿತು, ಬಂಡಾಯ ಹುಟ್ಟಿತು. ಆಲಿಸ್ ಲಾಕ್ವೇನಾ ಎಂಬ ಮಹಿಳೆ ದೈವಾವೇಶದ ಹೆಸರಿನಲ್ಲಿ ಕಟ್ಟಿದ ಪಡೆ 1987ರಲ್ಲಿ ಸೋತ ಮೇಲೆ, ಆ ಬೂದಿಯಿಂದ ಎದ್ದವನು ಜೋಸೆಫ್ ಕೋನಿ. ಜನರ ಬೆಂಬಲ ಕುಗ್ಗಿದಂತೆ ಆತ ಜನರ ಮಕ್ಕಳನ್ನೇ ಕದಿಯತೊಡಗಿದ. ತುಟಿ ಕತ್ತರಿಸುವುದು, ಹೆಣ್ಣುಮಕ್ಕಳನ್ನು ದಳಪತಿಗಳಿಗೆ ಹೆಂಡತಿಯರೆಂದು ಹಂಚುವುದು, ಓಡಿಹೋಗಲು ಯತ್ನಿಸಿದವನನ್ನು ಅವನ ಓರಗೆಯ ಮಕ್ಕಳ ಕೈಯಲ್ಲೇ ಕೊಲ್ಲಿಸುವುದು, ಇವೆಲ್ಲ ದಾಖಲಾದ ಸಂಗತಿಗಳು. ಕೋನಿಯ ಬಗ್ಗೆ ಚಿತ್ರ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಹೇಳದೆ ಬಿಟ್ಟದ್ದು ಸರ್ಕಾರದ ಪಾಲನ್ನು. 1996ರಿಂದ ಉಗಾಂಡಾ ಸೇನೆ ಹಳ್ಳಿಗರನ್ನು ಒಕ್ಕಲೆಬ್ಬಿಸಿ ‘ಸಂರಕ್ಷಿತ’ ಶಿಬಿರಗಳಿಗೆ ತುಂಬಿತು. ಹೊರಡದವರನ್ನು ಬಂಡುಕೋರರ ಬೆಂಬಲಿಗರೆಂದು ಎಣಿಸಲಾಯಿತು. ಒಂದು ಹಂತದಲ್ಲಿ 18 ಲಕ್ಷದಷ್ಟು ಜನ ಶಿಬಿರಗಳಲ್ಲಿದ್ದರು. ಗುಡಿಸಲಿಗೆ ಗುಡಿಸಲು ಅಂಟಿಕೊಂಡಿದ್ದವು. ನೀರಿಗೆ ಸಾಲು, ಹೊಲಕ್ಕೆ ಹೋಗಲು ನಿರ್ಬಂಧ. 2005ರಲ್ಲಿ ಉಗಾಂಡಾದ ಆರೋಗ್ಯ ಸಚಿವಾಲಯವೇ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ನಡೆಸಿದ ಸಮೀಕ್ಷೆಯ ಪ್ರಕಾರ ಆ ವರ್ಷದ ಮೊದಲ ತಿಂಗಳುಗಳಲ್ಲಿ ಅಚೋಲಿ ಪ್ರದೇಶದಲ್ಲಿ ವಾರಕ್ಕೆ ಸುಮಾರು 1,000 ಜನ, ಸಾಮಾನ್ಯ ಪರಿಸ್ಥಿತಿಯಲ್ಲಾದರೆ ಸಾಯಬೇಕಿರದವರು, ಸಾಯುತ್ತಿದ್ದರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಮಲೇರಿಯಾ, ಏಡ್ಸ್ ಮುಂತಾದ ಕಾಯಿಲೆಗಳು. ಬಂಡುಕೋರರ ಕತ್ತಿಗೆ ಬಲಿಯಾದವರು ಅದಕ್ಕಿಂತ ಕಡಿಮೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು, ಕಾಂಗೋದಲ್ಲಿ ಉಗಾಂಡಾ ಸೇನೆ ನಡೆಸಿದ ದೌರ್ಜನ್ಯಕ್ಕೂ ಲೂಟಿಗೂ ಉಗಾಂಡಾ ಹೊಣೆಯೆಂದು ತೀರ್ಪು ಕೊಟ್ಟಿತು. ‘ಕೋನಿ 2012’ ಚಿತ್ರದಲ್ಲಿ ನಾಯಕನ ಪಾತ್ರ ಸಿಕ್ಕಿದ್ದು ಇದೇ ಸೇನೆಗೆ.

ಇನ್ನೊಂದು ಸಂಗತಿ ಕಾಲದ್ದು. 2006ರಲ್ಲಿ ದಕ್ಷಿಣ ಸುಡಾನಿನ ಜುಬಾದಲ್ಲಿ ಶಾಂತಿ ಮಾತುಕತೆ ಶುರುವಾಯಿತು, ಆಗಸ್ಟಿನಲ್ಲಿ ಕದನ ವಿರಾಮಕ್ಕೆ ಸಹಿ ಬಿತ್ತು. ಕೋನಿಯ ಪಡೆ ಉಗಾಂಡಾ ಬಿಟ್ಟು ಕಾಂಗೋದ ಕಾಡು ಸೇರಿತು. ಗುಲುವಿನ ಮಕ್ಕಳು ಮನೆಯಲ್ಲೇ ಮಲಗತೊಡಗಿದರು. 2008ರಲ್ಲಿ ಕೊನೆಯ ಒಪ್ಪಂದಕ್ಕೆ ಕೋನಿ ಸಹಿ ಹಾಕಲಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2005ರಲ್ಲಿ ಹೊರಡಿಸಿದ್ದ ಬಂಧನ ವಾರಂಟ್ ಆತನನ್ನು ಮಾತುಕತೆಗೆ ಎಳೆದು ತಂದಿತು ಎನ್ನುವವರಿದ್ದಾರೆ, ಅದೇ ವಾರಂಟ್ ಆತನನ್ನು ಓಡಿಸಿತು ಎನ್ನುವವರೂ ಇದ್ದಾರೆ. ಆ ಡಿಸೆಂಬರಿನಲ್ಲಿ ಉಗಾಂಡಾ ಸೇನೆ ಅಮೆರಿಕದ ನೆರವಿನೊಂದಿಗೆ ಕಾಂಗೋದ ನೆಲೆಗಳ ಮೇಲೆ ದಾಳಿ ಮಾಡಿತು. ಕೋನಿ ತಪ್ಪಿಸಿಕೊಂಡ. ಅವನ ಪಡೆ ಕ್ರಿಸ್‌ಮಸ್ ಹೊತ್ತಿನಲ್ಲಿ ಕಾಂಗೋದ ಹಳ್ಳಿಗಳ ಮೇಲೆ ಎರಗಿ ನೂರಾರು ಜನರನ್ನು ಕೊಂದಿತು. ಸೇನಾ ಕಾರ್ಯಾಚರಣೆಯ ಬೆಲೆಯನ್ನು ತೆರುವವರು ಯಾರು ಎಂಬ ಅಚೋಲಿ ಹಿರಿಯರ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಮತ್ತೊಂದಿರಲಿಲ್ಲ.

ವ್ಯಾನಿನಲ್ಲಿ ಬಂದ ಹುಡುಗರು

ಮೂವರು ಯುವಕರು ತಮ್ಮ ಮೊದಲ ಚಿತ್ರ ಮಾಡಿ, 2004ರಲ್ಲಿ ‘ಇನ್ವಿಸಿಬಲ್ ಚಿಲ್ಡ್ರನ್’ ಸಂಸ್ಥೆ ಕಟ್ಟಿದರು. ಅದರ ಬಲ ಇದ್ದದ್ದು ಸಂಬಳವಿಲ್ಲದ ಸ್ವಯಂಸೇವಕರಲ್ಲಿ. ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು, ವ್ಯಾನಿನಲ್ಲಿ ತಿಂಗಳುಗಟ್ಟಲೆ ಅಮೆರಿಕದ ಊರೂರು ಸುತ್ತಿ, ಶಾಲೆ, ಕಾಲೇಜು, ಚರ್ಚುಗಳಲ್ಲಿ ಚಿತ್ರ ತೋರಿಸುತ್ತಿದ್ದರು. ನಂತರದ ವರ್ಷಗಳಲ್ಲಿ ಉತ್ತರ ಉಗಾಂಡಾದ ಯುವಕರೂ ಈ ತಂಡಗಳ ಜೊತೆ ಪ್ರಯಾಣ ಮಾಡಿದರು. ಚಿತ್ರ ಮುಗಿದ ಮೇಲೆ ವೇದಿಕೆಗೆ ಬಂದು ತಮ್ಮ ಬಾಯಿಂದಲೇ ತಮ್ಮ ಕಥೆ ಹೇಳುತ್ತಿದ್ದರು, ಸಭಿಕರ ಪ್ರಶ್ನೆಗೆ ಉತ್ತರಿಸುತ್ತಿದ್ದರು. ಇಡೀ ಅಭಿಯಾನದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಭಾಗ ಇದು, ಏಕೆಂದರೆ ಮರುಪ್ರಶ್ನೆಗೆ ಅವಕಾಶವಿದ್ದದ್ದು ಇಲ್ಲಿ ಮಾತ್ರ.

2006ರ ಏಪ್ರಿಲಿನಲ್ಲಿ ಸುಮಾರು 80,000 ಯುವಜನರು ಅಮೆರಿಕದ ಮತ್ತು ಇತರೆಡೆಯ ನಗರಗಳಲ್ಲಿ ಒಂದು ರಾತ್ರಿ ಬಯಲಿನಲ್ಲಿ ಮಲಗಿದರು. ಗುಲುವಿನ ಮಕ್ಕಳ ನಡಿಗೆಯನ್ನು ಅನುಕರಿಸುವ ಕಾರ್ಯಕ್ರಮ ಅದು. ಆರ್ಚ್‌ಬಿಷಪ್ ಮಲಗಿದ್ದೂ ಹೀಗೆಯೇ. ಆತ ಮಲಗಿದ್ದು ಮಾತುಕತೆ ಬೇಕೆಂದು. ಇವರ ಹೋರಾಟ ಬರಬರುತ್ತಾ ಕೋನಿಯನ್ನು ಹಿಡಿಯಲು ಸೈನ್ಯ ಬೇಕು ಎಂಬುದಕ್ಕೆ ಬಂದು ನಿಂತಿತು.

ಹುಡುಗರ ಛಲಕ್ಕೆ ಒಂದು ನಿದರ್ಶನ ಹೇಳಲೇಬೇಕು. ಎಲ್‌ಆರ್‌ಎ ವಿರುದ್ಧದ ಮಸೂದೆ 2010ರ ಆರಂಭದಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಸಿಕ್ಕಿಬಿದ್ದಿತ್ತು. ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್, ಖರ್ಚಿಗೆ ಹಣ ಎಲ್ಲಿಂದ ಎಂಬ ತಕರಾರು ತೆಗೆದು ತಡೆಹಿಡಿದಿದ್ದರು. ಯುವಕರು ಒಕ್ಲಹೋಮಾ ಸಿಟಿಯಲ್ಲಿ ಅವರ ಕಚೇರಿಯ ಹೊರಗೆ, ಚಳಿಯಲ್ಲಿ, ಹನ್ನೊಂದು ದಿನ ಬೀಡುಬಿಟ್ಟರು. ಕೊನೆಗೆ ಮಸೂದೆಯ ಮಾತು ಬದಲಾಯಿತು, ಸೆನೆಟರ್ ತಡೆ ತೆಗೆದರು. ಮೇ 24ರಂದು ಅಧ್ಯಕ್ಷ ಬರಾಕ್ ಒಬಾಮಾ ಅದಕ್ಕೆ ಸಹಿ ಹಾಕಿದರು. ಮರುವರ್ಷದ ಅಕ್ಟೋಬರಿನಲ್ಲಿ ಸುಮಾರು 100 ಸೇನಾ ಸಲಹೆಗಾರರನ್ನು ಮಧ್ಯ ಆಫ್ರಿಕಾಕ್ಕೆ ಕಳುಹಿಸುವುದಾಗಿ ಘೋಷಿಸಿದರು. ವಿದೇಶಾಂಗ ನೀತಿಯನ್ನು ಕಾಲೇಜು ವಿದ್ಯಾರ್ಥಿಗಳು ಇಷ್ಟರಮಟ್ಟಿಗೆ ಬಗ್ಗಿಸಿದ್ದು ಸಣ್ಣ ಮಾತಲ್ಲ. ಅವರು ಕೇಳಿದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ಕೇಳುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆರು ಕೊಂಡಿಗಳ ಸರಪಳಿ

ಚಿತ್ರದ ತರ್ಕ ಹೀಗಿತ್ತು. ಕೋನಿ ಈ ವರ್ಷವೇ ಸೆರೆಯಾಗಬೇಕಾದರೆ ಉಗಾಂಡಾ ಸೇನೆ ಅವನನ್ನು ಹುಡುಕಬೇಕು. ಹುಡುಕಬೇಕಾದರೆ ತಂತ್ರಜ್ಞಾನ, ತರಬೇತಿ ಬೇಕು. ಅದು ಸಿಗಬೇಕಾದರೆ ಅಮೆರಿಕದ ಸಲಹೆಗಾರರು ಅಲ್ಲಿಯೇ ಇರಬೇಕು. ಅವರು ಇರಬೇಕಾದರೆ ಜನರಿಗೆ ಇದರ ಬಗ್ಗೆ ಕಾಳಜಿಯಿದೆ ಎಂದು ಸರ್ಕಾರಕ್ಕೆ ಅನಿಸಬೇಕು. ಕಾಳಜಿ ಹುಟ್ಟಬೇಕಾದರೆ ಜನರಿಗೆ ಗೊತ್ತಾಗಬೇಕು. ಗೊತ್ತಾಗಬೇಕಾದರೆ ಕೋನಿಯ ಹೆಸರು ಎಲ್ಲೆಲ್ಲೂ ಕಾಣಬೇಕು. ಆದ್ದರಿಂದ 30 ಡಾಲರಿನ ಕಿಟ್ ತರಿಸಿಕೊಳ್ಳಿ. ಅದರಲ್ಲಿ ಪೋಸ್ಟರು, ಅಂಟುಚೀಟಿ, ಕೈಪಟ್ಟಿಗಳಿವೆ. ಏಪ್ರಿಲ್ 20ರ ರಾತ್ರಿ ನಿಮ್ಮ ನಗರವನ್ನೆಲ್ಲ ಪೋಸ್ಟರಿನಿಂದ ಮುಚ್ಚಿ. ಜೊತೆಗೆ 20 ಖ್ಯಾತನಾಮರು ಮತ್ತು 12 ನೀತಿನಿರೂಪಕರಿಗೆ ಒತ್ತಡ ಹಾಕಿ.

ಚಿತ್ರ ಹೊತ್ತಿಕೊಂಡ ಬಗೆಯೂ ಗಮನಾರ್ಹ. ಆರಂಭದ ಟ್ವೀಟ್‌ಗಳ ವಿಶ್ಲೇಷಣೆ ನಡೆಸಿದವರಿಗೆ ಕಂಡದ್ದು ನ್ಯೂಯಾರ್ಕೂ ಅಲ್ಲ, ಲಾಸ್ ಏಂಜಲೀಸೂ ಅಲ್ಲ. ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಒಕ್ಲಹೋಮಾ ಸಿಟಿಯಂಥ ಊರುಗಳಲ್ಲಿ ಒತ್ತೊತ್ತಾಗಿ ಹೆಣೆದುಕೊಂಡಿದ್ದ ಯುವಕರ ಗುಂಪುಗಳು, ಅವರಲ್ಲಿ ಹಲವರು ಕ್ರೈಸ್ತ ಶ್ರದ್ಧೆಯನ್ನು ತಮ್ಮ ಪರಿಚಯದಲ್ಲೇ ಬರೆದುಕೊಂಡವರು. ವ್ಯಾನುಗಳು ವರ್ಷಗಟ್ಟಲೆ ಸುತ್ತಿದ್ದು ಇಂಥ ಊರುಗಳನ್ನೇ. ಓಪ್ರಾ ವಿನ್‌ಫ್ರೇ, ಜಸ್ಟಿನ್ ಬೀಬರ್, ರಿಹಾನಾ ಆಮೇಲೆ ಬಂದರು. ಕಿಡಿ ತಾನಾಗಿ ಹಾರಿತೆಂದು ಪತ್ರಿಕೆಗಳು ಬರೆದವು. ಸೌದೆ ಒಟ್ಟಿದವರು ಒಂಬತ್ತು ವರ್ಷದಿಂದ ಒಟ್ಟುತ್ತಿದ್ದರು.

ಸರಪಳಿಯ ಕೊನೆಯ ಕೊಂಡಿ ಹುಡುಗನ ಮಣಿಕಟ್ಟಿನಲ್ಲಿತ್ತು, ಮೊದಲ ಕೊಂಡಿ ಮಧ್ಯ ಆಫ್ರಿಕಾ ಗಣರಾಜ್ಯದ ದಟ್ಟ ಕಾಡಿನಲ್ಲಿತ್ತು. ನಡುವಿನ ಕೊಂಡಿಗಳನ್ನು ಯಾರೂ ಎಳೆದು ನೋಡಲಿಲ್ಲ. ಸಲಹೆಗಾರರನ್ನು ಹಿಂದಕ್ಕೆ ಕರೆಸಿಕೊಳ್ಳುವ ಮಾತು ಆಗ ಇರಲೇ ಇಲ್ಲ, ಆದ್ದರಿಂದ ಅದನ್ನು ತಡೆಯುವ ತುರ್ತೂ ಇರಲಿಲ್ಲ. ಕೋನಿ ಉಗಾಂಡಾ ಬಿಟ್ಟು ಆರು ವರ್ಷವಾಗಿತ್ತು, ಆತನ ಹೋರಾಟಗಾರರು ಕೆಲವೇ ನೂರು ಮಂದಿ ಉಳಿದಿದ್ದರು. ಚಿತ್ರ ಇದನ್ನು ಮುಚ್ಚಿಡಲಿಲ್ಲ, ನಕ್ಷೆಯೊಂದರಲ್ಲಿ ಹೇಳಿ ದಾಟಿಕೊಂಡಿತು. ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಹೊತ್ತಿ ಉರಿಯುತ್ತಿರುವ ಉಗಾಂಡಾ. ಉಗಾಂಡಾದ ಪ್ರಧಾನಿ ಅಮಾಮಾ ಎಂಬಾಬಾಜಿ, ಕೋನಿ ನಮ್ಮ ದೇಶದಲ್ಲಿ ಇಲ್ಲ ಎಂದು ಹೇಳಲು ತಾವೇ ಒಂದು ವಿಡಿಯೊ ಮಾಡಬೇಕಾಯಿತು. ಅವರ ಚಿಂತೆ ಪ್ರವಾಸಿಗರದ್ದೂ ಆಗಿತ್ತೆನ್ನಿ.

ಯಾವ ಟೀಕೆ ನಿಲ್ಲುತ್ತದೆ?

ಟೀಕೆಗಳ ಮಳೆ ಎರಡೇ ದಿನದಲ್ಲಿ ಬಂತು. ಎಲ್ಲವೂ ಒಂದೇ ತೂಕದವಲ್ಲ.

ಹೆಚ್ಚು ಸದ್ದು ಮಾಡಿದ್ದು ಹಣದ ಟೀಕೆ. 2011ರ ಲೆಕ್ಕಪತ್ರದಲ್ಲಿ ಸಂಸ್ಥೆಯ ಖರ್ಚು ಸುಮಾರು 89 ಲಕ್ಷ ಡಾಲರ್, ಅದರಲ್ಲಿ ಮಧ್ಯ ಆಫ್ರಿಕಾದ ಕೆಲಸಕ್ಕೆ ಹೋದದ್ದು ಶೇಕಡಾ 37ರಷ್ಟು. ಉಳಿದದ್ದು ಚಿತ್ರ, ಪ್ರಚಾರ, ಪ್ರಯಾಣ, ಆಡಳಿತಕ್ಕೆ. ನನ್ನ ಮಟ್ಟಿಗೆ ಇದು ಟೀಕೆಗಳಲ್ಲೆಲ್ಲ ಸೋಮಾರಿ ಟೀಕೆ. ಜನಾಭಿಪ್ರಾಯ ರೂಪಿಸುವುದನ್ನೇ ಕೆಲಸವಾಗಿಟ್ಟುಕೊಂಡ ಸಂಸ್ಥೆ ಪ್ರಚಾರಕ್ಕೆ ಖರ್ಚು ಮಾಡದೆ ಇನ್ನೇನು ಮಾಡೀತು? 30 ಡಾಲರ್ ಕೊಟ್ಟ ಹದಿನಾರರ ಹುಡುಗಿಗೆ ತನ್ನ ಹಣ ಗುಲುವಿನ ಶಾಲೆಗೆ ಹೋಗುತ್ತದೋ ಇನ್ನೊಂದು ಪೋಸ್ಟರಿಗೆ ಹೋಗುತ್ತದೋ ಎಂಬುದು ಸ್ಪಷ್ಟವಾಗಿರಲಿಲ್ಲ ಎಂದರೆ ಒಪ್ಪುತ್ತೇನೆ. 2008ರಲ್ಲಿ ಸ್ಥಾಪಕರು ಮೂವರೂ ಸುಡಾನಿನ ಸೈನಿಕರ ನಡುವೆ ಬಂದೂಕು ಹಿಡಿದು ತೆಗೆಸಿಕೊಂಡಿದ್ದ ಫೋಟೊ ಕೂಡ ಆಗ ಎಲ್ಲೆಡೆ ಓಡಾಡಿತು. ತಮಾಷೆಗೆ ತೆಗೆಸಿಕೊಂಡದ್ದು ಎಂದರು. ಆ ಫೋಟೊ ತೆಗೆದದ್ದು ಶಾಂತಿ ಮಾತುಕತೆ ನಡೆಯುತ್ತಿದ್ದ ಕಾಲದಲ್ಲಿ ಎಂಬುದನ್ನು ನೆನೆದರೆ ತಮಾಷೆ ಹುಳಿಯಾಗುತ್ತದೆ.

ನೈಜೀರಿಯಾ ಮೂಲದ ಅಮೆರಿಕನ್ ಲೇಖಕ ತೇಜು ಕೋಲ್ ಅವರ ಟ್ವೀಟ್‌ಗಳು ಬಿಳಿಯ ಉದ್ಧಾರಕರ ಉದ್ಯಮವನ್ನು ಕುರಿತು ಮಾತಾಡಿದವು. ಹೆಚ್ಚು ಹರಿತವಾಗಿ, ಹೆಚ್ಚು ಹತ್ತಿರದಿಂದ ಮಾತಾಡಿದ್ದು ಉಗಾಂಡಾದ ಪತ್ರಕರ್ತೆ ರೋಸ್‌ಬೆಲ್ ಕಗುಮಿರೆ. ತಮ್ಮ ಕೋಣೆಯಲ್ಲಿ ಕುಳಿತು ಕ್ಯಾಮೆರಾಕ್ಕೆ ಮಾತಾಡಿದ ಅವರ ಮುಖ್ಯ ಆಕ್ಷೇಪ ಇದು: ನನ್ನ ಕಥೆಯನ್ನು ಹೇಳುವಾಗ ನನ್ನನ್ನು ದಿಕ್ಕಿಲ್ಲದವಳೆಂದು ತೋರಿಸಿದರೆ, ನನ್ನ ಬದುಕಿನ ಮೇಲೆ ನನಗೇ ಹಿಡಿತವಿಲ್ಲವೆಂದು ತೋರಿಸಿದರೆ, ಆ ಕಥೆ ಹೇಳುವ ಹಕ್ಕು ನಿಮಗಿಲ್ಲ. ಅರ್ಧ ಗಂಟೆಯ ಚಿತ್ರದಲ್ಲಿ ಓಡಾಮಾ ಮತ್ತವರ ಜೊತೆಯವರ ಹದಿನೈದು ವರ್ಷದ ಶ್ರಮಕ್ಕೆ ಅರ್ಧ ನಿಮಿಷವೂ ಸಿಕ್ಕಲಿಲ್ಲ. ಉಗಾಂಡಾದವರು ಅಳುತ್ತಾರೆ, ಅಮೆರಿಕದವರು ಕೆಲಸ ಮಾಡುತ್ತಾರೆ. ಚಿತ್ರದ ಪಾತ್ರ ಹಂಚಿಕೆ ಅದು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಬಂಡಾಯಗಾರರನ್ನು ಕ್ಷಮಿಸಿ ಕರೆತರಬೇಕೋ ಸೇನೆಯಿಂದ ಬಗ್ಗುಬಡಿಯಬೇಕೋ ಎಂಬುದು ಉತ್ತರ ಉಗಾಂಡಾದಲ್ಲಿ ಇತ್ಯರ್ಥವಾಗದ ವಾದ. ಎರಡೂ ಪಕ್ಷದಲ್ಲಿ ಮಕ್ಕಳನ್ನು ಕಳೆದುಕೊಂಡವರಿದ್ದರು. ಕ್ಷಮೆ ಬೇಡ ಎನ್ನುವವರಿಗೂ ಕಾರಣವಿತ್ತು. ಹೊರದೇಶದ ಯುವಕ ಈ ವಾದದಲ್ಲಿ ಒಂದು ಪಕ್ಷ ಹಿಡಿದರೆ ತಪ್ಪಿಲ್ಲ. ಆದರೆ ತಾನು ಪಕ್ಷ ಹಿಡಿದಿದ್ದೇನೆ ಎಂಬುದು ಅವನಿಗೆ ತಿಳಿದಿರಬೇಕು. ‘ಮಕ್ಕಳ ಪರ’ ಎಂದುಕೊಂಡು ಪೋಸ್ಟರ್ ಅಂಟಿಸಿದವರಿಗೆ ತಾವು ‘ಸೇನೆಯ ಪರ, ಕ್ಷಮಾದಾನದ ವಿರುದ್ಧ’ ಎಂದು ಓದಿಸಿಕೊಳ್ಳಬಹುದಾದ ಚೀಟಿ ಅಂಟಿಸುತ್ತಿದ್ದೇವೆ ಎಂಬ ಅರಿವೇ ಇರಲಿಲ್ಲ. ಇದೇ 2012ರ ಮೇ ತಿಂಗಳಲ್ಲಿ ಉಗಾಂಡಾ ಸರ್ಕಾರ ಕ್ಷಮಾದಾನ ಕಾಯ್ದೆಯ ಮುಖ್ಯ ಭಾಗ ಊರ್ಜಿತದಲ್ಲಿಲ್ಲ ಎಂದು ಘೋಷಿಸಿತು. ಕಾಡಿನಿಂದ ಹೊರಬರಲು ಹಾತೊರೆಯುತ್ತಿದ್ದ ಅಪಹೃತನಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇರಲಾರದು. ಸ್ಥಳೀಯ ಸಂಘಟನೆಗಳು ಹೋರಾಡಿ ಒಂದು ವರ್ಷದ ಮೇಲೆ ಅದನ್ನು ಮತ್ತೆ ತರಿಸಿದವು. ಎರಡು ತಿಂಗಳ ಹಿಂದೆ ಕೋನಿಯ ಹೆಸರನ್ನು ಹಂಚಿಕೊಂಡಿದ್ದ ಕೋಟಿಗಟ್ಟಲೆ ಜನ ಈ ಸುದ್ದಿಯನ್ನು ಹಂಚಿಕೊಳ್ಳಲಿಲ್ಲ.

ಏಪ್ರಿಲ್ 20

ಮಾರ್ಚ್ 15ರಂದು ನಿರ್ದೇಶಕ ರಸೆಲ್ ಸ್ಯಾನ್ ಡಿಯಾಗೋದಲ್ಲಿ ಸಾರ್ವಜನಿಕವಾಗಿ ಮಾನಸಿಕ ಕುಸಿತಕ್ಕೆ ಒಳಗಾದರು. ಹತ್ತು ದಿನ ಸರಿಯಾಗಿ ನಿದ್ದೆಯಿಲ್ಲದೆ ಜಗತ್ತಿನ ಹೊಗಳಿಕೆ ತೆಗಳಿಕೆ ಎರಡನ್ನೂ ಹೊತ್ತವರ ಸ್ಥಿತಿ ಅದು. ಅದನ್ನೂ ವಿಡಿಯೊ ಮಾಡಿ ನಕ್ಕವರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಏಪ್ರಿಲ್ 5ರಂದು ಸಂಸ್ಥೆ ಎರಡನೆಯ ಚಿತ್ರ ಬಿಡುಗಡೆ ಮಾಡಿತು. ಅದರಲ್ಲಿ ಆಫ್ರಿಕನ್ನರ ಮಾತು ಹೆಚ್ಚಿತ್ತು, ಸಂಗತಿಗಳಿಗೆ ಹಿನ್ನೆಲೆ ಇತ್ತು, ಮೊದಲ ಚಿತ್ರದ ಮೇಲಿನ ಆಕ್ಷೇಪಗಳಿಗೆ ಉತ್ತರವಿತ್ತು. ನೋಡಿದವರು ಮೊದಲನೆಯದರ ಅಲ್ಪ ಭಾಗವಷ್ಟೇ. ಏಪ್ರಿಲ್ 20ರ ರಾತ್ರಿ ನಗರಗಳನ್ನು ಮುಚ್ಚಬೇಕಿದ್ದ ಪೋಸ್ಟರುಗಳು ಅಲ್ಲೊಂದು ಇಲ್ಲೊಂದು ಕಂಬದ ಮೇಲೆ ಕಂಡವು. ಹಲವು ನಗರಗಳಲ್ಲಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಕಾಣದೆ ಉಳಿದ ಕೆಲಸ

ಇದೇ ಸಂಸ್ಥೆ ಕಾಂಗೋ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ದೂರದ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಮಾಡುತ್ತಿತ್ತು. ದೂರವಾಣಿಯಿಲ್ಲದ ಊರುಗಳಿಗೆ ರೇಡಿಯೊ ಸಂಪರ್ಕ ಸಾಧನ ಕೊಟ್ಟು, ಸ್ಥಳೀಯರು ದಿನಕ್ಕೆ ಎರಡು ಬಾರಿ ತಮ್ಮ ಸುತ್ತಲಿನ ಸುದ್ದಿ ಹೇಳುವ ಜಾಲ ಕಟ್ಟಿತ್ತು. ಎಲ್ಲಿ ದಾಳಿಯಾಯಿತು, ಯಾವ ದಾರಿ ಹಿಡಿದರು ಎಂಬುದು ಮುಂದಿನ ಹಳ್ಳಿಗೆ ಮೊದಲೇ ತಿಳಿದರೆ ಜನ ಜೀವ ಉಳಿಸಿಕೊಳ್ಳಬಹುದು. ಆ ಮಾಹಿತಿ 2011ರಿಂದ ಸಾರ್ವಜನಿಕ ನಕ್ಷೆಯಲ್ಲೂ ಸಿಗುತ್ತಿತ್ತು. ಕಾಡಿನ ಮೇಲೆ ಕರಪತ್ರ ಸುರಿಸುವುದು, ಮೊದಲೇ ಹೊರಬಂದವರ ದನಿಯನ್ನು ಎಫ್‌ಎಂ ರೇಡಿಯೊದಲ್ಲಿ ಬಿತ್ತರಿಸುವುದು, ಹೆಲಿಕಾಪ್ಟರಿಗೆ ಧ್ವನಿವರ್ಧಕ ಕಟ್ಟಿ ‘ಮನೆಗೆ ಬನ್ನಿ, ನಿಮ್ಮನ್ನು ಕೊಲ್ಲುವುದಿಲ್ಲ’ ಎಂದು ಕರೆಯುವುದು ಕೂಡ ಈ ಕೆಲಸದ ಭಾಗ. ಕೋನಿಯ ಪಡೆ ಕರಗಿದ್ದರಲ್ಲಿ ಈ ಕರೆಗಳ ಪಾಲು ದೊಡ್ಡದು. ತಾಯಿಯ ದನಿ ಕೇಳಿ ಬಂದೂಕು ಬಿಟ್ಟು ಬಂದವರಿದ್ದಾರೆ.

ಎಂಥ ವಿಪರ್ಯಾಸ ನೋಡಿ: ಅಂಗಳದಲ್ಲಿ ಯುದ್ಧದ ಮಾತಾಡುತ್ತಿದ್ದ ಸಂಸ್ಥೆ ಕಾಡಿನಲ್ಲಿ ಓಡಾಮಾ ಅವರ ಮಾತನ್ನೇ ಆಡುತ್ತಿತ್ತು. ಯುವಕರಿಗೆ ಈ ಎರಡನೆಯ ಕೆಲಸವನ್ನು ಮುಂದಿಟ್ಟು ‘ಇದಕ್ಕೆ ಕೈಜೋಡಿಸಿ’ ಎಂದಿದ್ದರೆ 10 ಕೋಟಿ ಮಂದಿ ನೋಡುತ್ತಿರಲಿಲ್ಲ, ನಿಜ. ನೋಡಿದಷ್ಟು ಜನ ಲೀರಾದವರ ಜೊತೆ ಕುಳಿತು ನೋಡಬಹುದಿತ್ತು.

ಸಂಸ್ಥೆಗೆ 2012ರ ಆರ್ಥಿಕ ವರ್ಷದಲ್ಲಿ ಬಂದ ಹಣ 2.65 ಕೋಟಿ ಡಾಲರ್, ಮರುವರ್ಷ 49 ಲಕ್ಷ. 2014ರ ಡಿಸೆಂಬರಿನಲ್ಲಿ ಅಮೆರಿಕದ ಬಹುಪಾಲು ಕೆಲಸ ನಿಲ್ಲಿಸುವುದಾಗಿ ಸಂಸ್ಥೆ ಹೇಳಿತು, ಆಫ್ರಿಕಾದ ಕೆಲಸ ಚಿಕ್ಕದಾಗಿ ಮುಂದುವರಿಯಿತು. 2013ರಲ್ಲಿ ಅಮೆರಿಕ ಸರ್ಕಾರ ಕೋನಿಯ ಸುಳಿವಿಗೆ 50 ಲಕ್ಷ ಡಾಲರ್ ಬಹುಮಾನ ಘೋಷಿಸಿತು. 2017ರಲ್ಲಿ ಅಮೆರಿಕವೂ ಉಗಾಂಡಾವೂ ಬೇಟೆ ಕೈಬಿಟ್ಟವು. ಕೋನಿ ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಆತನ ಗೈರುಹಾಜರಿಯಲ್ಲೇ ಆರೋಪಗಳನ್ನು ದೃಢೀಕರಿಸುವ ವಿಚಾರಣೆ ನಡೆಸಿತು.

ಇನ್ನೊಂದು ಪರದೆ

ಸಿಕ್ಕಿದವನು ಡೊಮಿನಿಕ್ ಓಂಗ್ವೆನ್. ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ, ಶಾಲೆಯ ದಾರಿಯಲ್ಲಿ, ಎಲ್‌ಆರ್‌ಎ ಅವನನ್ನು ಎತ್ತಿಕೊಂಡು ಹೋಗಿತ್ತು. ಚಿತ್ರದಲ್ಲಿ ‘ಕಾಣದ ಮಕ್ಕಳು’ ಯಾರೋ ಅವರಲ್ಲೊಬ್ಬ. ಬೆಳೆದು ದಳಪತಿಯಾದ, ಶಿಬಿರಗಳ ಮೇಲೆ ದಾಳಿ ನಡೆಸಿದ, ಅಪರಾಧ ನ್ಯಾಯಾಲಯ ವಾರಂಟ್ ಹೊರಡಿಸಿದ ಐವರಲ್ಲಿ ಒಬ್ಬನಾದ. 2015ರ ಜನವರಿಯಲ್ಲಿ ಶರಣಾದ. ‘ಮಕ್ಕಳನ್ನು ಉಳಿಸಿ’ ಎಂದೂ ‘ಅಪರಾಧಿಯನ್ನು ಹಿಡಿಯಿರಿ’ ಎಂದೂ ಒಂದೇ ಉಸಿರಿನಲ್ಲಿ ಕೂಗಿದವರು ಇವನನ್ನು ಯಾವ ಕಡೆ ನಿಲ್ಲಿಸುತ್ತಿದ್ದರೋ.

2016ರ ಡಿಸೆಂಬರ್ 6ರಂದು ಅವನ ವಿಚಾರಣೆ ಆರಂಭವಾದಾಗ ಉತ್ತರ ಉಗಾಂಡಾದಲ್ಲಿ ಮತ್ತೆ ಪರದೆಗಳು ಎದ್ದವು. ಅವನ ಪಡೆ ದಾಳಿ ಮಾಡಿದ್ದ ಲುಕೋಡಿ, ಅಬೋಕ್, ಪಜುಲೆ, ಓಡೆಕ್ ಊರುಗಳಲ್ಲಿ, ಅವನು ಹುಟ್ಟಿದ ಕೂರೊಮ್‌ನಲ್ಲಿ, ನ್ಯಾಯಾಲಯವೇ ನೇರ ಪ್ರಸಾರ ಏರ್ಪಡಿಸಿತು. ಕೊಂದವನ ಊರಿನವರೂ ಸತ್ತವರ ಊರಿನವರೂ ಏಕಕಾಲಕ್ಕೆ ನೋಡಿದರು. ಎಲ್‌ಆರ್‌ಎ ಮಾಡಿದ ಕ್ರೌರ್ಯಕ್ಕೆ ತುತ್ತಾದವರಲ್ಲಿ ನಾನೂ ಒಬ್ಬ ಎಂದು ಓಂಗ್ವೆನ್ ನ್ಯಾಯಾಧೀಶರ ಮುಂದೆ ಹೇಳಿದ. ಆ ಮಾತನ್ನು ಒಪ್ಪುವುದು ಬಿಡುವುದು ನೋಡುತ್ತಿದ್ದವರಿಗೆ ಬಿಟ್ಟದ್ದಾಗಿತ್ತು.

2021ರ ಫೆಬ್ರುವರಿಯಲ್ಲಿ 61 ಆರೋಪಗಳಲ್ಲಿ ಅವನು ತಪ್ಪಿತಸ್ಥನೆಂದು ತೀರ್ಪಾಯಿತು, ಮೇ ತಿಂಗಳಲ್ಲಿ 25 ವರ್ಷಗಳ ಶಿಕ್ಷೆ. ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿದ್ದನ್ನು ನ್ಯಾಯಾಧೀಶರು ಶಿಕ್ಷೆ ತಗ್ಗಿಸುವಾಗ ಪರಿಗಣಿಸಿದರು. 2024ರ ಫೆಬ್ರುವರಿ 28ರಂದು ನ್ಯಾಯಾಲಯ 49,772 ಸಂತ್ರಸ್ತರಿಗೆ ತಲಾ 750 ಯೂರೊ ಸಾಂಕೇತಿಕ ಮೊತ್ತ ಮತ್ತು ಸಾಮೂಹಿಕ ಪುನರ್ವಸತಿ ಸೇರಿ ಒಟ್ಟು 5.2 ಕೋಟಿ ಯೂರೊಗಿಂತ ಹೆಚ್ಚಿನ ಪರಿಹಾರಕ್ಕೆ ಆದೇಶಿಸಿತು. ಓಂಗ್ವೆನ್ ಬಳಿ ಬಿಡಿಗಾಸಿಲ್ಲ. ಹಣ ಹೊಂದಿಸುವ ಕೆಲಸ ನ್ಯಾಯಾಲಯದ ಸಂತ್ರಸ್ತರ ನಿಧಿಗೆ ಬಿತ್ತು. ಆ ನಿಧಿ ನಡೆಯುವುದು ಹೊರದೇಶಗಳಿಂದ ಬರುವ ದೇಣಿಗೆಯಿಂದ.